ಹಂದಿ ಪಾರುಪತ್ಯಗಾರನ ಹೆಂಡತಿಯಿಂದ, ಇನ್ನೂ ಖಾಲಿ ಇರುವ ಕುರ್ಚಿಗೆ

ಅಮೆರಿಕದ ಸಂಯುಕ್ತ ಸಂಸ್ಥಾನಗಳಿಗೆ ಮುಂದೆ ಅಧ್ಯಕ್ಷರಾಗಿ ಬರಲಿರುವವರ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಇನ್ನೂ ಕುರ್ಚಿಯ ಮೇಲೆ ಕೂತಿಲ್ಲ. ಆ ಕುರ್ಚಿಯನ್ನು ಬಡಗಿ ಮಾಡಿ ಮುಗಿಸಿದ್ದಾನೋ ಇಲ್ಲವೋ ಅದೂ ನನಗೆ ತಿಳಿಯದು. ಆದರೂ ತಮ್ಮ ಮೇಲೆ ನನ್ನದೊಂದು ದೂರಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ತಮ್ಮ ಸರಕಾರದ ಪರವಾಗಿ ಬಾಸ್ಟನ್‌ನಲ್ಲಿ ದೊಡ್ಡವರು ಕೊಟ್ಟ ಮಾತನ್ನು ನಂಬಿದ ತಪ್ಪಿಗೆ, ಅರವತ್ತು ದಾಟಿದ ನನ್ನ ಯಜಮಾನರು ಈ ಹೊತ್ತಿನಲ್ಲಿ ಮೊಣಕಾಲುದ್ದದ ಕೆಸರಿನಲ್ಲಿ ಕಮ್ಮಾರನ ಹಂದಿಯ ಹಿಂದೆ ಓಡುತ್ತಿದ್ದಾರೆ. ಇಲ್ಲಿ ಕಿಟಕಿಯಿಂದ ನನಗೆ ಕಾಣಿಸುತ್ತಿದೆ. ಹಂದಿ ಮುಂದಿದೆ.

ಈ ಪತ್ರವನ್ನು ತಮಗೇ ನೇರವಾಗಿ ಕಳಿಸೋಣವೆಂದು ಕುದುರೆ ಅಂಚೆಯವನ ಕೈಗೆ ಕೊಡಹೋದೆ. ಅವನು ತಿರುಗಿಸಿ ನೋಡಿ ನಕ್ಕ. “ಅಮ್ಮಾ, ಇನ್ನೂ ಹುಟ್ಟದಿರೋ ಹುದ್ದೇಲಿ, ಯಾವೂರಲ್ಲಿ ಅಂತ ಗೊತ್ತಿಲ್ಲದಿರೋ ಕಚೇರೀಲಿ ಕೂತಿರೋ ಮನುಷ್ಯನ್ನ ನಾನೆಲ್ಲಿ ಅಂತ ಹುಡುಕ್ಲಿ? ನನ್ನ ಕುದುರೆಗೂ ವಯಸ್ಸಾಗಿದೆ,” ಎಂದ. ಹಾಗಾಗಿ ಪತ್ರಿಕೆಗೆ ಕಳಿಸುತ್ತಿದ್ದೇನೆ. ಪತ್ರಿಕೆಯನ್ನು ತಾವು ಓದಿಯೇ ಓದುತ್ತೀರಿ, ಏಕೆಂದರೆ ಅದರಲ್ಲಿ ವಾರವಾರವೂ ತಮ್ಮ ಹೊಗಳಿಕೆ ಇರುತ್ತದೆ.

ನಾನು ಯಾರೆಂದು ಹೇಳಬೇಕಲ್ಲ. ಮ್ಯಾಸಚೂಸೆಟ್ಸಿನ ಪಡುವಣ ಬೆಟ್ಟಸೀಮೆಯಲ್ಲಿ ಪೆಲ್ಟನ್ ಎಂಬ ಊರಿದೆ. ಅಲ್ಲಿನ ಏರುದಾರಿಯ ತಿರುವಿನಲ್ಲಿ ನನ್ನ ತಂಗುಮನೆ. ಹೋಗಿಬರುವವರಿಗೆ ಊಟ, ಹಾಸಿಗೆ, ಕುಡಿಯಲು ಸೇಬಿನ ಸೈಡರ್, ಚಳಿಯಾದರೆ ಬಿಯರಿಗೆ ರಮ್ಮು, ಕಾಕಂಬಿ ಸೇರಿಸಿ ಕೆಂಪಗೆ ಕಾಯಿಸಿದ ಸಲಾಕೆ ಅದ್ದಿ ಕೊಡುವ ಬಿಸಿ ಪಾನಕ. ಹೆಂಗಸಾದ ನನಗೆ ಮತವಿಲ್ಲ. ಆದರೆ ಮತವಿರುವವರೆಲ್ಲ ಕುಡಿಯುವುದು ನನ್ನಲ್ಲಿ. ಯಾರು ಯಾವ ವಿಷಯಕ್ಕೆ ಹೂಂ ಅಂದರು, ಯಾರು ಊಹೂಂ ಅಂದರು, ಯಾರು ಮೂರನೆಯ ಲೋಟಕ್ಕೆ ಮಾತು ಬದಲಿಸಿದರು ಎಂಬುದೆಲ್ಲ ನನಗೆ ತಿಳಿದಿರುತ್ತದೆ. ತಮ್ಮ ಹೊಸ ಸಂವಿಧಾನ ‘ನಾವು, ಜನರು’ ಎಂದು ಶುರುವಾಗುತ್ತದಂತೆ. ಆ ನಾವು ಎಂಬುದರೊಳಗೆ ನಾನಿದ್ದೇನೆಯೇ ಎಂದು ನಮ್ಮ ಯಜಮಾನರನ್ನು ಕೇಳಿದೆ. ಅವರು ಆ ಹಾಳೆಯನ್ನು ಎರಡು ಸಲ ಓದಿ, ಕನ್ನಡಕ ಒರೆಸಿಕೊಂಡು, ಊಟಕ್ಕೆ ಏನಿದೆ ಎಂದು ವಿಚಾರಿಸಿದರು.

ನಮ್ಮ ಊರಿನ ಪದ್ಧತಿಯೊಂದನ್ನು ತಾವು ತಿಳಿಯದೆ ಮುಂದಿನದು ಅರ್ಥವಾಗದು. ಪ್ರತಿ ಮಾರ್ಚಿನಲ್ಲಿ ಊರಸಭೆ ಸೇರಿ ವರ್ಷದ ಹುದ್ದೆಗಳಿಗೆಲ್ಲ ಜನರನ್ನು ಆರಿಸುತ್ತದೆ. ಊರಿನ ಆಡಳಿತಕ್ಕೆ ಹಿರಿಯರು, ರಸ್ತೆಗೆ ಒಬ್ಬ, ಬೇಲಿ ತಕರಾರಿಗೆ ಇಬ್ಬರು, ಕೊನೆಗೆ ಹಂದಿ ಪಾರುಪತ್ಯಕ್ಕೆ ಒಬ್ಬ. ಇಲ್ಲಿ ಹಂದಿಗಳು ಬೀದಿಗೆ ಬಿಡುವ ಪ್ರಾಣಿಗಳು. ಬೇಸಿಗೆ ಬೆಳೆಗೆ ನುಗ್ಗಬಾರದೆಂದು ಅವುಗಳ ಕುತ್ತಿಗೆಗೆ ಮರದ ನೊಗವನ್ನೂ, ನೆಲ ಬಗೆಯಬಾರದೆಂದು ಮೂಗಿಗೆ ಉಂಗುರವನ್ನೂ ಹಾಕಬೇಕೆಂಬುದು ಕಾನೂನು. ಹಾಕದ ಹಂದಿಯನ್ನು ಅಟ್ಟಿಸಿಕೊಂಡು ಹೋಗಿ, ಕೆಡವಿ, ಉಂಗುರ ಹಾಕುವ, ಇಲ್ಲವೇ ದೊಡ್ಡಿಗೆ ತಳ್ಳುವವನೇ ಪಾರುಪತ್ಯಗಾರ. ಈ ಹುದ್ದೆಯನ್ನು ಯಾರೂ ಬಯಸುವುದಿಲ್ಲ. ಅದಕ್ಕೇ ನಮ್ಮವರು ಅದನ್ನು ಆ ವರ್ಷ ಹೊಸದಾಗಿ ಮದುವೆಯಾದವನ ತಲೆಗೆ ಕಟ್ಟುತ್ತಾರೆ. ಮದುಮಗ ರೇಷ್ಮೆ ಕಾಲುಚೀಲ ಹಾಕಿಕೊಂಡು ಮೆರೆದದ್ದು ಸಾಕು, ಇನ್ನು ಕೆಸರಿಗಿಳಿಯಲಿ ಎಂದು ಊರಿಗೆ ಊರೇ ನಗುತ್ತದೆ. ಅವನೂ ಟೊಪ್ಪಿ ತೆಗೆದು, ಕೈ ಎತ್ತಿ, ರಾಜ್ಯಪಾಲರು ಮಾಡುವಷ್ಟೇ ಗಂಭೀರವಾಗಿ ಪ್ರಮಾಣ ಮಾಡುತ್ತಾನೆ.

ಗಮನಿಸಿ, ಎಲ್ಲ ಹುದ್ದೆಗೂ ಅವಧಿ ಒಂದೇ ವರ್ಷ. ಹಿರಿಯರಾದರೂ ಅಷ್ಟೇ, ಹಂದಿಯವನಾದರೂ ಅಷ್ಟೇ. ಮಾರ್ಚ್ ಬಂತೆಂದರೆ ಎದ್ದು ನಿಂತು ಲೆಕ್ಕ ಒಪ್ಪಿಸಬೇಕು. ತಮ್ಮ ಸಂವಿಧಾನದಲ್ಲಿ ಮೇಲ್ಮನೆಯವರಿಗೆ ಆರು ವರ್ಷವಂತೆ. ಆರು ವರ್ಷ ಊರಿಗೆ ಮುಖ ತೋರಿಸದವನನ್ನು ನಮ್ಮಲ್ಲಿ ಸತ್ತನೆಂದು ತಿಳಿದು ಅವನ ನೇಗಿಲನ್ನು ಹಂಚಿಕೊಳ್ಳುತ್ತೇವೆ. ತಮಗೆ ನಾಲ್ಕು ವರ್ಷ, ಆಮೇಲೆ ಮತ್ತೆ ನಾಲ್ಕು, ಮತ್ತೆ ನಾಲ್ಕು, ಸಾಯುವ ತನಕ ಬೇಕಾದರೂ ಕೂರಬಹುದು. ಜೊತೆಗೆ ಸೈನ್ಯವೂ ತಮ್ಮದೇ, ಕಂದಾಯವೂ ತಮ್ಮದೇ. ಮೂವತ್ತು ಸಾವಿರ ಜನಕ್ಕೆ ಒಬ್ಬ ಪ್ರತಿನಿಧಿಯಂತೆ. ಮೂವತ್ತು ಸಾವಿರ ಜನರ ಮಾತನ್ನು ಒಬ್ಬ ಮನುಷ್ಯ ಕೇಳಿಸಿಕೊಳ್ಳಬಲ್ಲನೇ? ನನ್ನ ಹಜಾರದಲ್ಲಿ ಮೂವತ್ತು ಜನ ಸೇರಿದರೆ ಯಾರು ಸೈಡರ್ ಕೇಳಿದರು, ಯಾರು ಬೀನ್ಸ್ ಕೇಳಿದರು ಎಂಬುದೇ ನನಗೆ ತಿಳಿಯುವುದಿಲ್ಲ. ಇನ್ನು ನಮ್ಮವನೊಬ್ಬನ ಮೇಲೆ ತಪ್ಪು ಹೊರಿಸಿದರೆ ಅವನನ್ನು ಬಲ್ಲ ನೆರೆಹೊರೆಯವರೇ ಪಂಚರಾಗಿ ಕೂರುತ್ತಾರೆಯೇ, ಸಿಪಾಯಿ ಬಂದು ಬಾಗಿಲು ತಟ್ಟಿದರೆ ಆಗುವುದಿಲ್ಲ ಎನ್ನಲು ಬರುತ್ತದೆಯೇ, ಪತ್ರಿಕೆಯಲ್ಲಿ ಹೀಗೆ ತಮ್ಮನ್ನು ಬೈದರೆ ನಾನು ಉಳಿಯುತ್ತೇನೆಯೇ, ಇದ್ಯಾವುದಕ್ಕೂ ಆ ಹಾಳೆಯಲ್ಲಿ ಸರಿಯಾದ ಉತ್ತರವಿಲ್ಲ. ಒಳ್ಳೆಯವರು ಕುರ್ಚಿಯಲ್ಲಿ ಕೂರುತ್ತಾರೆ, ಚಿಂತೆ ಬೇಡ ಎನ್ನುತ್ತಾರೆ. ಒಳ್ಳೆಯವರೇ ಬರುವುದು ಗ್ಯಾರಂಟಿ ಇದ್ದರೆ ನಾವು ರಾಜನನ್ನೇ ಇಟ್ಟುಕೊಳ್ಳುತ್ತಿದ್ದೆವು.

ರಾಜನ ಮಾತು ಬಂತು, ಹೇಳಿಬಿಡುತ್ತೇನೆ. ನನ್ನ ಮೊದಲ ಯಜಮಾನರು ಅಮೋಸ್, ಇಂಗ್ಲೆಂಡಿನ ರಾಜನ ಸೈನ್ಯದ ವಿರುದ್ಧ ಯುದ್ಧಕ್ಕೆ ಹೋದವರು. ಗುಂಡು ತಗುಲಲಿಲ್ಲ, ಶಿಬಿರದ ಜ್ವರ ತಗುಲಿತು. ಹೊರಡುವ ದಿನ ಬಾಗಿಲಲ್ಲಿ ನಿಂತು, “ಸಮುದ್ರದಾಚೆ ಕೂತೋನು ನಮ್ಮೂರ ವಿಷ್ಯ ತೀರ್ಮಾನ ಮಾಡೋದು ಬ್ಯಾಡ ಕಣೇ, ಅಷ್ಟೇ ನಂಗೆ ಬೇಕಿರೋದು,” ಎಂದಿದ್ದರು. ಅವರ ಕೋಟು ಮಾತ್ರ ವಾಪಸು ಬಂತು. ಸಮುದ್ರದಾಚೆಯ ಆ ಕುರ್ಚಿಯನ್ನು ಎತ್ತಿ ತಂದು ಸಮುದ್ರದ ಈಚೆಗೆ ಹಾಕಿದರೆ ಅಮೋಸ್‌ಗೆ ನಾನು ಏನು ಹೇಳಲಿ? ಇದನ್ನು ತಮಾಷೆಗೆ ಕೇಳುತ್ತಿಲ್ಲ. ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಹತ್ತು ವರ್ಷ ಒಂಟಿಯಾಗಿದ್ದು, ಕಳೆದ ಅಕ್ಟೋಬರಿನಲ್ಲಿ ಎಲಿಫಲೆಟ್ ಗುಡ್ರಿಚ್ ಎಂಬುವವರನ್ನು ಮದುವೆಯಾದೆ. ನಮ್ಮ ಚರ್ಚಿನ ಹಿರಿಯರು, ಹೆಂಡತಿ ತೀರಿಕೊಂಡಿದ್ದವರು. ಮೆತ್ತಗಿನ ಮನುಷ್ಯ. ಯಾರಾದರೂ ಕೈ ಹಿಡಿದು ಪ್ರೀತಿಯಿಂದ ಎರಡು ಮಾತು ಆಡಿದರೆ ಕರಗಿಬಿಡುತ್ತಾರೆ. ನನ್ನನ್ನು ಮದುವೆಯಾದದ್ದೂ ಹಾಗೆಯೇ, ಆದ್ದರಿಂದ ಆ ಗುಣವನ್ನು ನಾನು ದೂರಬಾರದು. ತಮ್ಮ ಸಂವಿಧಾನವನ್ನು ಒಪ್ಪಬೇಕೋ ಬಿಡಬೇಕೋ ಎಂದು ತೀರ್ಮಾನಿಸಲು ಬಾಸ್ಟನ್‌ನಲ್ಲಿ ದೊಡ್ಡ ಸಭೆ ಸೇರುವುದೆಂದು ಸುದ್ದಿ ಬಂದಾಗ ನಮ್ಮೂರು ಇವರನ್ನೇ ಆರಿಸಿತು. ಜನರ ಹಕ್ಕುಗಳನ್ನು ಬರೆಯದ ಸಂವಿಧಾನಕ್ಕೆ ಬೇಡ ಎನ್ನಿ ಎಂದು ಊರಸಭೆ ಒಕ್ಕೊರಲಿನಿಂದ ಹೇಳಿ ಕಳಿಸಿತು. ಕಮ್ಮಾರ ಜೇಬೆಜ್, ಊರಿನಲ್ಲಿ ಎಲ್ಲರಿಗಿಂತ ದೊಡ್ಡ ಗಂಟಲಿನವನು, ಹಿಮದ ಮೇಲೆ ಕುದುರೆ ಎಳೆಯುವ ಜಾರುಬಂಡಿಯವರೆಗೂ ಬಂದು, “ಎಲಿಫಲೆಟಣ್ಣ, ಅಲ್ಲಿ ಊಟ ಎಷ್ಟೇ ಚೆನ್ನಾಗಿರ್ಲಿ, ಬ್ಯಾಡ ಅಂದ್ರೆ ಬ್ಯಾಡ,” ಎಂದು ಎಚ್ಚರಿಸಿದ.

ಊಟ ಚೆನ್ನಾಗಿತ್ತಂತೆ. ಫೆಬ್ರವರಿಯ ಹಿಮದಲ್ಲಿ ಇವರು ಮರಳಿ ಬಂದಾಗ ಮುಖ ನೋಡಿದ ಕೂಡಲೇ ನನಗೆ ಗೊತ್ತಾಯಿತು.

“ಏನಂದ್ರಿ ಅಲ್ಲಿ?”

“ಹೆಪ್ಸಿ, ಮೊದ್ಲು ಬೂಟು ಬಿಚ್ಚೋಕೆ ಬಿಡು.”

“ಬೂಟು ಎಲ್ಲೂ ಓಡಿಹೋಗಲ್ಲ. ಏನಂದ್ರಿ?”

“ಹೂಂ ಅಂದೆ,” ಎಂದರು.

ಒಲೆಯ ಮುಂದೆ ಕೂರಿಸಿ, ಕಾಲಿಗೆ ಬಿಸಿನೀರು ಕೊಟ್ಟು, ಆಮೇಲೆ ಜಗಳ ಶುರು ಮಾಡಿದೆ. ಅವರು ಹೇಳಿದ್ದಿಷ್ಟು. ಮೊದಮೊದಲು ಬೇಡ ಎಂದೇ ಕೂತಿದ್ದರಂತೆ. ಕೊನೆಕೊನೆಗೆ ದೊಡ್ಡವರೊಬ್ಬರು ಎದ್ದು, ಈಗ ಒಪ್ಪಿಕೊಳ್ಳಿ, ಹೊಸ ಸರಕಾರ ಸೇರಿದ ಕೂಡಲೇ ಮೊದಲ ಕೆಲಸವಾಗಿ ತಿದ್ದುಪಡಿ ಮಾಡಿಸಿ ಹಕ್ಕುಗಳನ್ನು ಸೇರಿಸೋಣ ಎಂದರಂತೆ. ಪಕ್ಕದಲ್ಲಿ ಕೂತಿದ್ದವರು ಇವರ ಕೈ ಹಿಡಿದು, ನಾಡು ಒಡೆದು ಹೋಳಾಗದಂತೆ ತಡೆಯುವುದು ನಿಮ್ಮ ಕೈಯಲ್ಲಿದೆ ಎಂದು ಕಣ್ಣಲ್ಲಿ ನೀರು ತಂದರಂತೆ.

“ಮಾತು ಕೊಟ್ಟೋರು ಯಾರ್ರೀ?”

“ಎಲ್ಲಾರೂ ಕೊಟ್ರು ಕಣೇ. ತುಂಬಿದ ಸಭೇಲಿ.”

“ಎಲ್ಲಾರೂ ಕೊಟ್ರೆ ನಾಳೆ ಯಾರ ಮನೆ ಬಾಗ್ಲಿಗೆ ಹೋಗಿ ಕೇಳ್ತೀರಿ? ಇವತ್ತು ಬಾಗಿಲು ತೆಗೆದು ಮಲಗಿ, ಚಿಲಕ ನಾಳೆ ಹಾಕಿಸೋಣ ಅಂದ್ರೆ ಮಲಗ್ತೀರಾ?”

ಇವರು ನೀರಿನಲ್ಲಿ ಕಾಲು ಉಜ್ಜಿಕೊಂಡರು. ಆಮೇಲೆ ಮೆಲ್ಲಗೆ, “ನಂಬಿಕೆ ಬಂತು ಹೆಪ್ಸಿ. ಸುಳ್ಳು ಹೇಳೋ ಮುಖ ಆಗಿರ್ಲಿಲ್ಲ ಅವರದ್ದು,” ಎಂದರು. ಹೊಡೆಯೋಣ ಎನಿಸಿತು, ಮುದ್ದಾಡೋಣ ಎಂದೂ ಎನಿಸಿತು. ಎರಡನ್ನೂ ಮಾಡದೆ ಟವೆಲು ಕೊಟ್ಟೆ.

ಮರುದಿನದಿಂದ ನನ್ನ ತಂಗುಮನೆಗೆ ಊರಿನವರು ಬರುವುದು ನಿಂತಿತು. ಯಾರೂ ಬೈಯಲಿಲ್ಲ, ಕಲ್ಲೆಸೆಯಲಿಲ್ಲ. ಬರಲಿಲ್ಲ, ಅಷ್ಟೇ. ಚರ್ಚಿನಲ್ಲಿ ನಮ್ಮ ಬೆಂಚಿನ ಅಕ್ಕಪಕ್ಕ ಗಾಳಿಯಾಡುವಂತಾಯಿತು. ಜೇಬೆಜ್ ಎದುರಿಗೆ ಸಿಕ್ಕರೆ, “ನಮಸ್ಕಾರ ಪ್ರತಿನಿಧಿಗಳೇ,” ಎನ್ನುತ್ತಿದ್ದ. ಅಣ್ಣ ಎಂದು ಕರೆಯುತ್ತಿದ್ದವನು. ಅದು ಇವರಿಗೆ ಎಷ್ಟು ನಾಟಿತೆಂದರೆ ಒಂದು ದಿನ ಬೀನ್ಸ್ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, “ಕನೆಕ್ಟಿಕಟ್‌ನಲ್ಲಿ ನನ್ನ ತಮ್ಮ ಇದ್ದಾನೆ. ಇದನ್ನೆಲ್ಲ ಮಾರಿ ಅಲ್ಲಿಗೇ ಹೋಗಿಬಿಡೋಣ. ಈ ಊರಲ್ಲಿ ಇನ್ನು ನನಗೆ ಮುಖ ಇಲ್ಲ,” ಎಂದರು. ಈ ಮನೆಯನ್ನು ಅಮೋಸ್ ಕಟ್ಟಿಸಿದ್ದು. ಮಕ್ಕಳಿಲ್ಲದ ನನಗೆ ಈ ಊರೇ ಸಂಸಾರ. ನಾನು ಬರುವುದಿಲ್ಲ ಎಂದೆ. ಅವರು, ನಾನು ಇಲ್ಲಿ ಇರಲಾರೆ ಎಂದರು. ಮದುವೆಯಾಗಿ ಅರ್ಧ ವರ್ಷವೂ ಆಗಿರಲಿಲ್ಲ. ತಮ್ಮ ಸರಕಾರ ಹುಟ್ಟುವ ಮೊದಲೇ ಒಂದು ಮನೆಯನ್ನು ಒಡೆಯಿತಲ್ಲ ಎಂದು ಪಾತ್ರೆ ತೊಳೆಯುತ್ತಾ ಅತ್ತೆ.

ಮಾರ್ಚ್ ಬಂತು. ಸಭಾಮನೆಯಲ್ಲಿ ಊರಸಭೆ ಶುರುವಾಯಿತು. ಅಲ್ಲಿ ಒಲೆಯಿಲ್ಲ, ಚಳಿಗೆ ಹಲ್ಲು ಕಟಕಟ ಎನ್ನುತ್ತದೆ. ಅದಕ್ಕೆ ನಮ್ಮಲ್ಲೊಂದು ರೂಢಿ: ಪ್ರಾರ್ಥನೆ ಮುಗಿದ ಕೂಡಲೇ ಸಭೆಯನ್ನು ತಂಗುಮನೆಗೆ ಸಾಗಿಸುವುದು. ಊರಿನಲ್ಲಿ ಇರುವ ತಂಗುಮನೆ ನನ್ನದೊಂದೇ. ಈ ಸಲ ಎಲ್ಲರೂ ಬಹಳ ಹೊತ್ತು ಹಟ ಹಿಡಿದು ಆ ಚಳಿಯಲ್ಲೇ ಕೂತರಂತೆ. ಆಮೇಲೆ ಸಭೆ ನಡೆಸುವ ಗಿರಣಿಯ ಓಬೆಡ್‌ಗೆ ಬೆರಳು ಮರಗಟ್ಟಿ ಸುತ್ತಿಗೆ ಕೈಜಾರಿತಂತೆ. ಸಾಲಾಗಿ ಬಂದರು. ಬೂಟು ಒರೆಸಿಕೊಂಡು, ನನ್ನ ಮುಖ ನೋಡದೆ, ನನ್ನ ಒಲೆಯ ಸುತ್ತ ನಿಂತರು. ಯಾರೂ ಕುಡಿಯಲು ಏನೂ ಕೇಳಲಿಲ್ಲ. ನಾನೂ ಕೊಡಲಿಲ್ಲ. ಸಲಾಕೆಯನ್ನು ಮಾತ್ರ ಕೆಂಡದಲ್ಲಿ ಇಟ್ಟೆ.

ಇನ್ನು ನನ್ನ ಹಜಾರದಲ್ಲಿ, ನನ್ನ ಬೆಂಚುಗಳ ಮೇಲೆ ಕೂತು, ನನ್ನ ಯಜಮಾನರ ವಿಚಾರಣೆ. ಜೇಬೆಜ್ ಎದ್ದ.

“ಪ್ರತಿನಿಧಿಗಳೇ, ನಾವು ಏನು ಹೇಳಿ ಕಳ್ಸಿದ್ವಿ?”

“ಬೇಡ ಅನ್ನಿ ಅಂದಿದ್ರಿ.”

“ತಾವೇನಂದ್ರಿ?”

“ಹೂಂ ಅಂದೆ.”

“ಕಿವಿ ಮಂದ ಆಗಿತ್ತೋ?”

“ಇಲ್ಲ ಜೇಬೆಜ್. ನಾಡು ಒಡೆಯುತ್ತೆ ಅಂತ ಹೆದರಿಕೆಯಾಯ್ತು. ಹಕ್ಕುಗಳನ್ನ ಸೇರಿಸ್ತೀವಿ ಅಂತ ಮಾತು ಕೊಟ್ರು. ನಂಬಿದೆ. ನಿಮ್ಮನ್ನ ಕೇಳಿ ಹೂಂ ಅನ್ನೋಕೆ ದಾರಿ ದೂರ ಇತ್ತು. ನಾನು ತಪ್ಪು ಮಾಡಿರಬಹುದು. ಆದ್ರೆ ಯಾರ ಹತ್ರನೂ ಏನೂ ಇಸ್ಕೊಂಡು ಮಾಡ್ಲಿಲ್ಲ.”

ಆ ಮಾತನ್ನು ಯಾರೂ ಅನುಮಾನಿಸಲಿಲ್ಲ. ಹಿಂದಿನಿಂದ ಒಬ್ಬ, “ಅದೇ ನೋಡಿ, ದೂರ ಹೋದ್ರೆ ನಮ್ಮೋರೇ ಹಿಂಗಾಗ್ತಾರೆ. ಇನ್ನು ನಮ್ಮನ್ನ ಕಂಡೇ ಇಲ್ಲದೋರು ಹೆಂಗಿರ್ತಾರೆ?” ಎಂದ. ಇಷ್ಟು ತಿಂಗಳು ಪತ್ರಿಕೆಗಳಲ್ಲಿ ದೊಡ್ಡ ದೊಡ್ಡವರು ಬರೆದದ್ದರಲ್ಲೆಲ್ಲ ಇದಕ್ಕಿಂತ ಒಳ್ಳೆಯ ಮಾತನ್ನು ನಾನು ಓದಿಲ್ಲ. ಇನ್ನೊಬ್ಬ, ಈ ಮನುಷ್ಯನಿಗೆ ಊರಿನ ಯಾವ ಹುದ್ದೆಯನ್ನೂ ಇನ್ನು ಕೊಡಕೂಡದೆಂದು ನಿರ್ಣಯ ಮಾಡಿ ಎಂದ. ಓಬೆಡ್ ಎಲ್ಲರ ಮುಖ ನೋಡಿದ. ನನ್ನ ಯಜಮಾನರು ನೆಲ ನೋಡುತ್ತಿದ್ದರು. ಈ ನಿರ್ಣಯ ಆಯಿತೆಂದರೆ ನಾಳೆಯೇ ಕನೆಕ್ಟಿಕಟ್‌ಗೆ ಗಾಡಿ ಕಟ್ಟುತ್ತಾರೆಂದು ನನಗೆ ಗೊತ್ತಿತ್ತು. ಮತವಿಲ್ಲದವಳು ಎದ್ದು ಏನು ಹೇಳಲಿ? ಕೆಂಡದಲ್ಲಿದ್ದ ಸಲಾಕೆಯ ಹಿಡಿಕೆ ಹಿಡಿದುಕೊಂಡು ನಿಂತಿದ್ದೆ.

ಆಗ ಜೇಬೆಜ್ ಗಡ್ಡ ಕೆರೆದುಕೊಂಡ. “ಯಾವ ಹುದ್ದೇನೂ ಕೊಡಬಾರ್ದು, ಸರಿ. ಒಂದನ್ನ ಬಿಟ್ಟು,” ಎಂದ. ಸುತ್ತ ನೋಡಿ, “ಅಲ್ಲಾ, ಇವ್ರು ಹೋದ ಅಕ್ಟೋಬರಲ್ಲಿ ತಾನೇ ಮದುವೆ ಆಗಿದ್ದು? ಈ ವರ್ಷ ಊರಲ್ಲಿ ಬೇರೆ ಮದುಮಗ ಯಾರಿದ್ದಾರೆ?” ಎಂದು ಕೇಳಿದ.

ಒಂದು ಕ್ಷಣ ಯಾರಿಗೂ ಹೊಳೆಯಲಿಲ್ಲ. ಆಮೇಲೆ ಓಬೆಡ್ ಹೊಟ್ಟೆ ಹಿಡಿದುಕೊಂಡು ನಗಲು ಶುರು ಮಾಡಿದ. ಅವನ ಹಿಂದೆ ಇಡೀ ಹಜಾರ ನಕ್ಕಿತು. ವಾರಗಟ್ಟಲೆ ತಡೆದಿಟ್ಟುಕೊಂಡ ನಗು ಅದು. ಜೇಬೆಜ್ ಮಾತ್ರ ನಗದೆ ಷರತ್ತು ಹಾಕಿದ. “ಒಂದ್ ವರ್ಷಕ್ಕೆ ಬಿಡಲ್ಲ. ಆ ದೊಡ್ಡೋರು ಕೊಟ್ಟ ಮಾತು ನಡೆಸಿ, ಹಕ್ಕುಗಳನ್ನ ಬರೆದು ಸೇರಿಸೋ ತನಕ, ಪ್ರತಿ ಮಾರ್ಚಲ್ಲೂ ಹಂದಿ ಪಾರುಪತ್ಯ ಇವರದ್ದೇ. ಮಾತು ನಂಬಿದೋರು ಇವ್ರು, ಅದು ನಿಜ ಆಗೋ ತನಕ ಇವ್ರೇ ಓಡ್ಲಿ. ಒಪ್ಪಿಗೇನಾ ಎಲಿಫಲೆಟಣ್ಣ?”

ಅಣ್ಣ ಎಂದ. ನಾನು ಕೇಳಿಸಿಕೊಂಡೆ, ಇವರೂ ಕೇಳಿಸಿಕೊಂಡರು. ಟೊಪ್ಪಿ ತೆಗೆದರು. ಕೈ ಎತ್ತಿದರು. ಊರಿನ ಹಂದಿಗಳ ವಿಷಯದಲ್ಲಿ ಭಯವಾಗಲಿ ಪಕ್ಷಪಾತವಾಗಲಿ ಇಲ್ಲದೆ ನಡೆದುಕೊಳ್ಳುವೆನೆಂದು ಪ್ರಮಾಣ ಮಾಡಿದರು. “ಹೆಪ್ಸಿಬಕ್ಕ, ಸಲಾಕೆ ಕಾಯ್ತಾ ಇಲ್ಲ ಸುಡ್ತಾ ಇದೆ, ಬಿಸಿ ಪಾನಕ ತಗೊಂಡ್ ಬಾ,” ಎಂದು ಯಾರೋ ಕೂಗಿದರು. ನಾನು ಲೋಟದ ಮೇಲೆ ಬಗ್ಗಿ ಸಲಾಕೆ ಅದ್ದಿದೆ. ಹೊಗೆ ಕಣ್ಣಿಗೆ ಹೋಯಿತೆಂದು ಹೇಳಿ ಸೊಂಟಕ್ಕೆ ಕಟ್ಟಿದ ಅಡುಗೆಬಟ್ಟೆಯಲ್ಲಿ ಮುಖ ಒರೆಸಿಕೊಂಡೆ.

ಅಂದಿನಿಂದ ಊರಿನವರು ಒಳಸಂಚು ಮಾಡಿದವರಂತೆ ತಮ್ಮ ಹಂದಿಗಳಿಗೆ ಉಂಗುರ ಹಾಕುವುದನ್ನೇ ಬಿಟ್ಟಿದ್ದಾರೆ. ಎಲ್ಲರ ಮನೆಗೂ ಇವರೇ ಹೋಗಬೇಕು. ಹೋದಲ್ಲೆಲ್ಲ ಹಂದಿಗಿಂತ ಮೊದಲು ಮನೆಯವರು ಸಿಗುತ್ತಾರೆ. ಕೂರಿಸಿ, ಸೈಡರ್ ಕೊಟ್ಟು, ಬಾಸ್ಟನ್‌ನಲ್ಲಿ ನೀವು ಹೇಳಬೇಕಾಗಿದ್ದುದು ಇದು ಎಂದು ವಿವರವಾಗಿ ತಿಳಿಸುತ್ತಾರೆ. ಇವರು ಎಲ್ಲವನ್ನೂ ಕೇಳಿಸಿಕೊಂಡು, ಆಮೇಲೆ ಹಂದಿಯ ಹಿಂದೆ ಓಡುತ್ತಾರೆ. ರಾತ್ರಿ ಮಂಡಿಗೆ ನಾನು ಎಣ್ಣೆ ಹಚ್ಚುತ್ತೇನೆ. ಕನೆಕ್ಟಿಕಟ್‌ನ ಹೆಸರು ಮತ್ತೆ ಎತ್ತಿಲ್ಲ.

ಈಗ ತಮ್ಮ ವಿಷಯಕ್ಕೆ ಬರುತ್ತೇನೆ. ನನ್ನ ಯಜಮಾನರು ಮಾತು ತಪ್ಪಿದಾಗ ನಮಗೆ ಅವರ ಮನೆ ಗೊತ್ತಿತ್ತು, ಬೆಂಚು ಗೊತ್ತಿತ್ತು, ಮದುವೆಯಾದ ತಿಂಗಳೂ ಗೊತ್ತಿತ್ತು. ಅದಕ್ಕೇ ಶಿಕ್ಷೆ ಕೊಡಲು ಬಂತು, ಕ್ಷಮಿಸಲೂ ಬಂತು. ತಾವು ಮಾತು ತಪ್ಪಿದರೆ ನಾವು ಎಲ್ಲಿಗೆ ಬರಬೇಕು? ತಮ್ಮ ಹಜಾರದಲ್ಲಿ ಊರಸಭೆ ಸೇರುವುದೇ? ಓಬೆಡ್ ಸುತ್ತಿಗೆ ಬಡಿದರೆ ತಾವು ಟೊಪ್ಪಿ ತೆಗೆದು ಎದ್ದು ನಿಲ್ಲುವಿರೇ? ಜೇಬೆಜ್ ತಮ್ಮನ್ನು ಅಣ್ಣ ಎನ್ನುವುದು ನಿಲ್ಲಿಸಿದರೆ ತಮಗೆ ಊಟ ಸೇರದಂತಾಗುವುದೇ? ಆಗುವುದಿಲ್ಲ, ಪಾಪ, ತಮಗೆ ಜೇಬೆಜ್ ಯಾರೆಂದೇ ತಿಳಿಯದು. ತಾವು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ನನ್ನ ಯಜಮಾನರಷ್ಟೇ ಒಳ್ಳೆಯವರಿರಬಹುದು. ಅಷ್ಟು ಒಳ್ಳೆಯವರೇ ಬಾಸ್ಟನ್‌ಗೆ ಹೋದ ಮೇಲೆ ನಮ್ಮನ್ನು ಮರೆತರು. ತಾವು ಹೋಗುವ ಊರು ಬಾಸ್ಟನ್‌ಗಿಂತ ದೂರದ್ದು, ಅಲ್ಲಿನ ಊಟ ಇನ್ನೂ ಚೆನ್ನಾಗಿರುತ್ತದೆ.

ಆದ್ದರಿಂದ ನನ್ನ ಬೇಡಿಕೆ ಒಂದೇ. ಕುರ್ಚಿ ಸಿದ್ಧವಾಗಿ, ತಾವು ಪ್ರಮಾಣ ಮಾಡಿ, ತುತ್ತೂರಿಗಳು ಊದಿ ಮುಗಿದ ಮೇಲೆ, ಮೊದಲು ಆ ಹಕ್ಕುಗಳನ್ನು ಬರೆಸಿ ಸೇರಿಸಿರಿ. ಬರೆದದ್ದನ್ನು ಯಾರೂ ತುಳಿಯುವುದಿಲ್ಲವೆಂದು ನಂಬುವಷ್ಟು ಎಳೆಯವಳು ನಾನಲ್ಲ. ಆದರೆ ಬೇಲಿ ಎಲ್ಲಿದೆಯೆಂದು ಗೊತ್ತಿದ್ದರೆ ಹಂದಿ ನುಗ್ಗಿದ್ದನ್ನು ತೋರಿಸಲು ಸುಲಭ. ಅರಮನೆ ಆಮೇಲೆ ಕಟ್ಟಿಸಿಕೊಳ್ಳಿ, ಕಂದಾಯ ಆಮೇಲೆ ಹಾಕಿ, ಸೈನ್ಯದ ಕೋಟುಗಳಿಗೆ ಗುಂಡಿಗಳನ್ನು ಆಮೇಲೆ ಹೊಲಿಸಿ. ತಮ್ಮ ಪರವಾಗಿ ಕೊಟ್ಟ ಆ ಮಾತಿಗೆ ಇಡೀ ನಾಡಿನಲ್ಲಿ ಹೊಣೆ ಹೊತ್ತು ನಿಂತಿರುವವರು ಸದ್ಯಕ್ಕೆ ಒಬ್ಬರೇ. ಅವರಿಗೆ ಮಂಡಿನೋವಿದೆ.

ಇಷ್ಟು ಬರೆಯುವಷ್ಟರಲ್ಲಿ ಹಂದಿ ಸಿಕ್ಕಿತು. ಜೇಬೆಜ್ ಬೇಲಿಯ ಮೇಲೆ ಕೂತು ನೋಡುತ್ತಿದ್ದವನು ಇಳಿದು ಬಂದು ಅದರ ಹಿಂಗಾಲು ಹಿಡಿದುಕೊಂಡಿದ್ದಾನೆ. ಇಬ್ಬರೂ ಕೆಸರಲ್ಲಿ ಕೂತು ಏನೋ ಮಾತಾಡುತ್ತಿದ್ದಾರೆ. ತಮ್ಮ ಬಗ್ಗೆಯೇ ಇರಬೇಕು. ತಾವು ಅಷ್ಟರೊಳಗೆ ಕುರ್ಚಿಗೆ ಬರುವುದಿಲ್ಲವಾದ್ದರಿಂದ ಮುಂದಿನ ಮಾರ್ಚಿಗೂ ಇವರೇ ಎಂದು ಊರು ಆಗಲೇ ತೀರ್ಮಾನಿಸಿಕೊಂಡು ಕೂತಿದೆ. ಅದರ ಮುಂದಿನ ಮಾರ್ಚಿನಲ್ಲಿ ಯಾರು ಓಡಬೇಕೆಂಬುದು ತಮಗೆ ಬಿಟ್ಟದ್ದು.

ಇಂತಿ,
ಮತವಿಲ್ಲದ, ಒಂದು ಹಂದಿ ಇರುವ, ಅದಕ್ಕೂ ಬೇಕೆಂದೇ ಉಂಗುರ ಹಾಕಿಸದ
ಹೆಪ್ಸಿಬಾ ಗುಡ್ರಿಚ್
ಪೆಲ್ಟನ್ ತಂಗುಮನೆ, ಏಪ್ರಿಲ್ ೧೭೮೮